ಪೈಥಾನೋ, ಪರ್ಲೋ? ಲೈಬ್ರರಿ ಸಾಫ್ಟ್‌ವೇರ್ ಕೆಲಸಕ್ಕೆ ಇಳಿಯುವ ಮುಂಚೆ

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಪ್ರೋಗ್ರಾಮರ್‌ಗಳ ಬಾಯಲ್ಲಿ ಲೈಬ್ರರಿ ಅಂದರೆ ಯಾರೋ ಬರೆದಿಟ್ಟ, ನಾವು ಎತ್ತಿಕೊಂಡು ಬಳಸುವ ಕೋಡಿನ ಕಟ್ಟು. ನಾನು ಹೇಳುತ್ತಿರುವುದು ಪುಸ್ತಕ ಇರುವ ಲೈಬ್ರರಿ. ಬೀರು, ಬಾರ್‌ಕೋಡು, ತಡವಾದರೆ ದಂಡ, ಗೋಡೆ ಮೇಲೆ 'ನಿಶ್ಶಬ್ದ' ಬೋರ್ಡು, ಅದು. ಸುಮ್ನೆ ಒಮ್ಮೆ 'ಲೈಬ್ರರಿಗೆ ಪೈಥಾನ್ ಲೈಬ್ರರಿ' ಅಂತ ಹುಡುಕಿ ನೋಡಿ, ಗೂಗಲ್ಲಿಗೂ ತಲೆ ಕೆಡುತ್ತದೆ.

'ಯಾವ ಭಾಷೆ ಕಲಿಯಲಿ' ಅಂತ ನನ್ನನ್ನು ಕೇಳುವವರು ಎರಡು ಥರದ ಜನ. ಒಬ್ಬರು ಎಂ.ಲಿಬ್ ಮುಗಿಸಿ ಕಾಲೇಜು ಲೈಬ್ರರಿಯಲ್ಲಿ ಇರುವವರು, ಕೋಡಿಂಗ್ ಗೊತ್ತಿಲ್ಲ, ಆದರೆ ದಿನಾ ಎಕ್ಸೆಲ್ ಜೊತೆ ಗುದ್ದಾಡಿ ಸಾಕಾಗಿದೆ. ಇನ್ನೊಬ್ಬರು ಸಾಫ್ಟ್‌ವೇರ್ ಎಂಜಿನಿಯರ್, ತಮ್ಮ ಊರಿನ ಶಾಲೆಗೋ ಕಾಲೇಜಿಗೋ ಏನಾದರೂ ಮಾಡಿಕೊಡಬೇಕು ಅಂತ ಆಸೆ, ಬಂದ ಮೊದಲ ದಿನವೇ 'ಇದನ್ನೆಲ್ಲ ಹೊಸದಾಗಿ ಬರೆದುಬಿಡೋಣ' ಅನ್ನುವವರು. ಇಬ್ಬರಿಗೂ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಲೈಬ್ರರಿಯಲ್ಲಿ ಈಗ ಓಡುತ್ತಿರುವುದು ಯಾವ ಸಾಫ್ಟ್‌ವೇರ್? ಅದು ಗೊತ್ತಾದರೆ ಅರ್ಧ ಉತ್ತರ ತಾನಾಗಿಯೇ ಬರುತ್ತದೆ.

ಈಗ ಓಡುತ್ತಿರುವುದು ಏನು, ನೋಡಿ

ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಇದೆ ಅಂದರೆ ನಿಮ್ಮ ಎದುರಿಗಿರುವುದು ಪರ್ಲ್ ಭಾಷೆ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಹೊರೊವೆನುವಾ ಲೈಬ್ರರಿ ಟ್ರಸ್ಟಿನ ಹಳೆಯ ಸಿಸ್ಟಮ್ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. 1999ರಲ್ಲಿ ಕಟಿಪೊ ಎಂಬ ಸಣ್ಣ ಕಂಪನಿ ಅವರಿಗೆ ಹೊಸದನ್ನು ಬರೆಯಿತು, 2000ದ ಜನವರಿಯಲ್ಲಿ ಅದು ಕೆಲಸಕ್ಕೆ ಬಂತು, ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಉಡುಗೊರೆ. ಆ ಕಾಲದಲ್ಲಿ ವೆಬ್ ಕೆಲಸ ಅಂದರೆ ಪರ್ಲ್, ಹಾಗಾಗಿ ಪರ್ಲ್. ಇವತ್ತು ಯಾರೂ ಪರ್ಲ್ ಕಲಿಯುವುದಿಲ್ಲ ಅಂತ ಗೊಣಗಬಹುದು, ಆದರೆ ಕೋಹಾ ಈಗಲೂ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬಿಡುತ್ತಿದೆ.

ಹಾಗಂತ ಕೋಹಾ ಇರುವವರೆಲ್ಲ ಪರ್ಲ್ ಪುಸ್ತಕ ತಗೊಂಡು ಕೂರಬೇಕಾಗಿಲ್ಲ. ಕೋಹಾದ ಒಳಗಿನ ಕೋಡ್ ಬದಲಿಸಬೇಕು, ಪ್ಲಗಿನ್ ಬರೆಯಬೇಕು, ದೋಷ ಸರಿಪಡಿಸಿ ಅವರಿಗೇ ವಾಪಸ್ ಕಳಿಸಬೇಕು ಅನ್ನುವವರಿಗೆ ಪರ್ಲ್ ಬಿಟ್ಟು ಗತಿಯಿಲ್ಲ. ಓಪ್ಯಾಕ್, ಅಂದರೆ ಓದುಗರು ಪುಸ್ತಕ ಹುಡುಕುವ ಪುಟ, ಅದರ ಬಣ್ಣ, ಬಟನ್ನು, ಎಲ್ಲೋ ಒಂದು ಸೂಚನೆ, ಇಷ್ಟೇ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್ಎಸ್ ಹಾಕಲು ಜಾಗ ಕೊಟ್ಟಿದ್ದಾರೆ, ಜೆಕ್ವೆರಿ ಅಲ್ಪಸ್ವಲ್ಪ ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಹೊರಗಿನಿಂದ ಮಾತಾಡಿಸುವುದಾದರೆ, ಅಂದರೆ ಕಾಲೇಜಿನ ಅಡ್ಮಿಷನ್ ಪಟ್ಟಿಯಿಂದ ಹೊಸ ವಿದ್ಯಾರ್ಥಿಗಳನ್ನು ಸದಸ್ಯರಾಗಿ ಸೇರಿಸುವಂಥದ್ದು, ಕೋಹಾಕ್ಕೆ ರೆಸ್ಟ್ ಎಪಿಐ ಇದೆ, ಬೇರೆ ಪ್ರೋಗ್ರಾಮುಗಳು ಅದರ ಜೊತೆ ಮಾತಾಡುವ ಬಾಗಿಲು. ಅದನ್ನು ನೀವು ಯಾವ ಭಾಷೆಯಿಂದ ಕರೆದರೂ ಅದಕ್ಕೆ ಬೇಜಾರಿಲ್ಲ.

ಡಿಸ್ಪೇಸ್ ಇದ್ದರೆ ಕಥೆ ಬೇರೆ. ಪ್ರಬಂಧ, ಹಳೆಯ ಪ್ರಶ್ನೆಪತ್ರಿಕೆ, ಸಂಶೋಧನಾ ಲೇಖನ ಇಡುವ ಕಣಜ ಅದು. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಬಿಟ್ಟಿದ್ದು, ಪಿಎಚ್.ಡಿ ಪ್ರಬಂಧಗಳನ್ನು ಇಡುವ ನಮ್ಮ ಶೋಧಗಂಗಾ ನಿಂತಿರುವುದೂ ಅದರ ಮೇಲೆಯೇ. ಹಿಂಭಾಗ ಪೂರ್ತಿ ಜಾವಾ. 2021ರಲ್ಲಿ ಬಂದ 7ನೇ ಆವೃತ್ತಿಯಿಂದ ಮುಂಭಾಗ ಆಂಗ್ಯುಲರ್, ಅಂದರೆ ಟೈಪ್‌ಸ್ಕ್ರಿಪ್ಟ್. ಎರಡನ್ನೂ ಒಬ್ಬರೇ ಕಲಿತು ನಿಭಾಯಿಸುತ್ತೇನೆ ಅನ್ನುವುದು ಧೈರ್ಯದ ಮಾತು. ಬರೀ ಮೆಟಾಡೇಟಾ (ಶೀರ್ಷಿಕೆ, ಲೇಖಕರಂಥ ವಿವರ) ತಿದ್ದುವುದಾದರೆ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿಯ ಫೈಲ್) ಹೊರತೆಗೆದು, ತಿದ್ದಿ, ಮತ್ತೆ ಒಳಗೆ ಹಾಕುವ ದಾರಿ ಇದೆ, ಜಾವಾ ಮುಟ್ಟುವುದೇ ಬೇಡ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಜಾರ್ಜಿಯಾದಲ್ಲಿ 2006ರಲ್ಲಿ ಶುರುವಾದ ಎವರ್‌ಗ್ರೀನ್‌ನಲ್ಲಿ ಪರ್ಲ್ ಮತ್ತು ಸಿ. ವುಫೈಂಡ್ ಪಿಎಚ್‌ಪಿ. ಬ್ಲ್ಯಾಕ್‌ಲೈಟ್ ರೂಬಿ. ಫೋಲಿಯೋ ಜಾವಾ ಮತ್ತು ರಿಯಾಕ್ಟ್. ಇಂಟರ್‌ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿ ಪೈಥಾನ್. ನೋಡಿದಿರಲ್ಲ, ಲೈಬ್ರರಿಗೆ ಅಂತಲೇ ಒಂದು ಭಾಷೆ ಇಲ್ಲ. ಆಯಾ ಕಾಲದಲ್ಲಿ ಬರೆದವರ ಕೈಗೆ ಯಾವುದು ಒಗ್ಗಿತ್ತೋ ಅದು.

ಇನ್ನು ಕೇಂದ್ರ ಸರ್ಕಾರದ ಎನ್ಐಸಿಯ ಇ-ಗ್ರಂಥಾಲಯ, ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್ ಅನ್ನುವ ಲೈಬ್ರರಿ ಸಾಫ್ಟ್‌ವೇರ್‌ಗಳು. ನಮ್ಮ ಕಡೆ ಕಾಲೇಜುಗಳಲ್ಲಿ ಇವೂ ಸಿಗುತ್ತವೆ. ಇವುಗಳ ಸೋರ್ಸ್ ಕೋಡ್ ನಿಮ್ಮ ಕೈಯಲ್ಲಿ ಇರುವುದಿಲ್ಲ, ಹಾಗಾಗಿ ಅವರು ಯಾವ ಭಾಷೆಯಲ್ಲಿ ಬರೆದರು ಅನ್ನುವುದು ನಿಮಗೆ ಬೇಡದ ವಿಷಯ. ಅವು ಹೊರಗೆ ಕೊಡುವ ಫೈಲ್‌ಗಳನ್ನು ತೊಳೆದು, ಜೋಡಿಸಿ, ಬೇರೆ ಕಡೆ ಹಾಕುವುದಷ್ಟೇ ನಿಮ್ಮ ಪಾಲಿನ ಕೆಲಸ.

ಮೊದಲು ಎಸ್‌ಕ್ಯೂಎಲ್, ಅದೂ ಎರಡು ವಾರ

ಕೋಡಿಂಗ್ ಗೊತ್ತಿಲ್ಲದ ಲೈಬ್ರೇರಿಯನ್‌ಗೆ ನನ್ನ ಸಲಹೆ ಪೈಥಾನೂ ಅಲ್ಲ, ಪರ್ಲೂ ಅಲ್ಲ. ಎಸ್‌ಕ್ಯೂಎಲ್ ಕಲಿಯಿರಿ, ಅಂದರೆ ಡೇಟಾಬೇಸಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಭಾಷೆ. ಇದನ್ನು ಕೇಳಿ ಎಂಜಿನಿಯರ್‌ಗಳು ನಗುತ್ತಾರೆ, 'ಅದು ಪ್ರೋಗ್ರಾಮಿಂಗ್ ಭಾಷೆಯೇ ಅಲ್ಲ' ಅನ್ನುತ್ತಾರೆ. ನಗಲಿ ಬಿಡಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ, ಪ್ರಿನ್ಸಿಪಾಲರು ಸಂಜೆ ನಾಲ್ಕಕ್ಕೆ ಕರೆದು 'ಹೋದ ಎರಡು ವರ್ಷದಲ್ಲಿ ಒಮ್ಮೆಯೂ ಹೊರಗೆ ಹೋಗದ ಪುಸ್ತಕ ಎಷ್ಟು, ಯಾವ ವಿಭಾಗದ್ದು ಜಾಸ್ತಿ, ನಾಳೆ ಬೆಳಿಗ್ಗೆ ಬೇಕು' ಅನ್ನುತ್ತಾರೆ. ಆಗ ನಿಮ್ಮನ್ನು ಕಾಯುವುದು ಎಸ್‌ಕ್ಯೂಎಲ್ ಒಂದೇ.

ಕೋಹಾದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ರಿಪೋರ್ಟ್ಸ್. ಅಲ್ಲಿ ಸೆಲೆಕ್ಟ್, ಅಂದರೆ ಮಾಹಿತಿ ಓದುವ ಆಜ್ಞೆ, ಮಾತ್ರ ನಡೆಯುತ್ತದೆ, ಅಳಿಸುವ ಬದಲಿಸುವ ಆಜ್ಞೆಗಳನ್ನು ಅದು ಒಪ್ಪುವುದಿಲ್ಲ. ಅಂದರೆ ನೀವು ಎಷ್ಟೇ ತಪ್ಪು ಬರೆದರೂ ಒಂದು ಪುಸ್ತಕವೂ ಕಳೆದುಹೋಗುವುದಿಲ್ಲ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಟದ ಮೈದಾನ ಇಲ್ಲ. ಶುರುವಿಗೆ ನಾಲ್ಕೈದು ಟೇಬಲ್ ಸಾಕು. ಶೀರ್ಷಿಕೆ, ಲೇಖಕರು ಬಿಬ್ಲಿಯೊದಲ್ಲಿ. ಪ್ರತಿಗಳು ಐಟಮ್ಸ್‌ನಲ್ಲಿ. ಸದಸ್ಯರು ಬಾರೋವರ್ಸ್‌ನಲ್ಲಿ. ಈಗ ಹೊರಗಿರುವ ಪುಸ್ತಕ ಇಶ್ಯೂಸ್‌ನಲ್ಲಿ, ವಾಪಸ್ ಬಂದಿದ್ದು ಓಲ್ಡ್ ಇಶ್ಯೂಸ್‌ನಲ್ಲಿ. ಈ ಐದನ್ನು ಒಂದಕ್ಕೊಂದು ಜೋಡಿಸಲು ಬಂದರೆ ಪ್ರಿನ್ಸಿಪಾಲರ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಇನ್ನೂ ಒಂದು ಮಾತು, ಕೆಲವು ಕೆಲಸಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ. ಐನೂರು ರೆಕಾರ್ಡಿನಲ್ಲಿ ಪ್ರಕಾಶಕರ ಹೆಸರು ಹತ್ತು ಥರ ಬರೆದಿದ್ದಾರೆ, ಒಂದೇ ಮಾಡಬೇಕು ಅಂದರೆ ಓಪನ್‌ರಿಫೈನ್ ಸಾಕು. ಮಾರ್ಕ್ ಫೈಲ್, ಅಂದರೆ ಪುಸ್ತಕಗಳ ಕ್ಯಾಟಲಾಗ್ ರೆಕಾರ್ಡ್ ಇರುವ ಫೈಲ್, ಒಟ್ಟೊಟ್ಟಿಗೆ ತಿದ್ದಲು ಮಾರ್ಕ್‌ಎಡಿಟ್ ಇದೆ, ಉಚಿತ. ಸ್ಕ್ರಿಪ್ಟ್ ಬರೆಯುವ ಹುಮ್ಮಸ್ಸಿನಲ್ಲಿ ಇವನ್ನು ಮರೆಯಬೇಡಿ.

ಆಮೇಲೆ ಪೈಥಾನ್

ಎಸ್‌ಕ್ಯೂಎಲ್ ಆದ ಮೇಲೆ ಒಂದು ನಿಜವಾದ ಭಾಷೆ ಬೇಕು ಅನಿಸಿದರೆ ಪೈಥಾನ್ ಹಿಡಿಯಿರಿ, ಇದರಲ್ಲಿ ನನಗೆ ಅನುಮಾನ ಇಲ್ಲ. ಕಾರಣ ಅದು ಸುಲಭ ಅಂತಷ್ಟೇ ಅಲ್ಲ. ಪೈಮಾರ್ಕ್ ಅನ್ನುವ ಒಂದು ಕಟ್ಟು ಇದೆ, ಮಾರ್ಕ್ ಫೈಲನ್ನು ಓದಿ, ಬಿಡಿಸಿ, ತಿದ್ದಿ, ಮತ್ತೆ ಬರೆದುಕೊಡುತ್ತದೆ. ಪರ್ಲ್, ಜಾವಾ, ರೂಬಿಗೂ ಇಂಥವು ಇವೆ, ಪರ್ಲಿನದಂತೂ ತುಂಬಾ ಹಳೆಯದು, ಗಟ್ಟಿ. ಆದರೆ ಪೈಥಾನಿನಲ್ಲಿ ಸಿಕ್ಕಿಹಾಕಿಕೊಂಡರೆ ಪಕ್ಕದ ಕಂಪ್ಯೂಟರ್ ಸೈನ್ಸ್ ವಿಭಾಗದ ಯಾವುದಾದರೂ ಹುಡುಗಿ ಬಂದು ಬಿಡಿಸಿಕೊಡುತ್ತಾಳೆ. ಪರ್ಲಿನಲ್ಲಿ ಸಿಕ್ಕಿಹಾಕಿಕೊಂಡರೆ ದೇವರೇ ಬರಬೇಕು.

ಕೋಹಾ ಇರುವವರು ಪೈಥಾನ್ ಕಲಿತ ಮೇಲೆ ಪರ್ಲನ್ನು ಓದುವಷ್ಟಾದರೂ ಕಲಿಯಿರಿ. ಬರೆಯುವುದು ಬೇಡ. ದೋಷ ಬಂದಾಗ ಲಾಗ್ ಫೈಲಿನಲ್ಲಿ ಯಾವ ಫೈಲು, ಎಷ್ಟನೇ ಸಾಲು ಅಂತ ಹೇಳಿರುತ್ತದೆ, ಅಲ್ಲಿಗೆ ಹೋಗಿ ಏನು ನಡೆಯುತ್ತಿದೆ ಅಂತ ಅಂದಾಜು ಮಾಡುವಷ್ಟು ಬಂದರೆ ಸಾಕು.

ಕನ್ನಡ ಬಂದಾಗ ಬಣ್ಣ ಬಯಲಾಗುತ್ತದೆ

ಮೇಲಿನದೆಲ್ಲ ಜಗತ್ತಿನ ಯಾವ ಲೈಬ್ರರಿಗಾದರೂ ಅನ್ವಯಿಸುವ ಮಾತು. ನಮ್ಮ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕ ಇದೆ ಅಲ್ವಾ, ಭಾಷೆಯ ನಿಜವಾದ ಪರೀಕ್ಷೆ ಅಲ್ಲಿ.

ಮೊದಲು ಮಾರ್ಕ್ ಅಂದರೇನು ಅಂತ ಎಂಜಿನಿಯರ್‌ಗಳಿಗೆ ಎರಡು ಮಾತು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಮ್ ಮತ್ತು ಅವರ ತಂಡ ರೂಪಿಸಿದ್ದು. ಮ್ಯಾಗ್ನೆಟಿಕ್ ಟೇಪಿನ ಕಾಲದ್ದು, ಅದಕ್ಕೇ ಎಲ್ಲವೂ ಲೆಕ್ಕದ ಮೇಲೆ ನಿಂತಿದೆ. ಪ್ರತಿ ರೆಕಾರ್ಡಿನ ತಲೆಯಲ್ಲಿ 24 ಸ್ಥಾನದ ಲೀಡರ್. ಅದರ ಹಿಂದೆ ಡೈರೆಕ್ಟರಿ, ಅದರಲ್ಲಿ ಪ್ರತಿ ಫೀಲ್ಡಿಗೆ 12 ಸ್ಥಾನ: 3 ಫೀಲ್ಡಿನ ನಂಬರಿಗೆ, 4 ಉದ್ದಕ್ಕೆ, 5 ಅದು ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ. 245 ಅಂದರೆ ಶೀರ್ಷಿಕೆ, 100 ಲೇಖಕರು, 020 ಐಎಸ್‌ಬಿಎನ್.

ಆ ಉದ್ದ ಅಂದೆನಲ್ಲ, ಅದು ಅಕ್ಷರದ ಲೆಕ್ಕ ಅಲ್ಲ, ಬೈಟಿನ ಲೆಕ್ಕ. 'ಕನ್ನಡ' ಅನ್ನುವ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಲಿಪಿಯ ಒಂದೊಂದು ಗುರುತಿಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಐದು, ಯಾಕೆಂದರೆ ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಈಗ ಭಾಷೆಗಳನ್ನು ಕೇಳಿ ನೋಡಿ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 5 ಅನ್ನುತ್ತವೆ. ಪಿಎಚ್‌ಪಿಯ ಮಾಮೂಲಿ ಅಳತೆ 15 ಅನ್ನುತ್ತದೆ, ಬೇರೆ ಫಂಕ್ಷನ್ ಕರೆದರೆ 5. ಪರ್ಲ್ ಎರಡರಲ್ಲಿ ಯಾವುದನ್ನಾದರೂ ಹೇಳಬಹುದು, ಪದವನ್ನು ನೀವು ಒಳಗೆ ತಂದ ಬಗೆಯ ಮೇಲೆ ಹೋಗುತ್ತದೆ.

ಇದರಲ್ಲಿ ನಾನೇ ಬಿದ್ದಿದ್ದೇನೆ. ಒಂದು ಕಾಲೇಜಿಗೆ ಮಾರ್ಕ್ ಫೈಲ್ ಬರೆಯುವ ಸ್ಕ್ರಿಪ್ಟನ್ನು ಜಾವಾಸ್ಕ್ರಿಪ್ಟಿನಲ್ಲಿ ಕೈಯಾರೆ ಬರೆದೆ, ಅಷ್ಟಕ್ಕೆ ಯಾಕೆ ಬೇರೆಯವರ ಕಟ್ಟು ಅಂತ ಜಂಬ. ಇಂಗ್ಲಿಷ್ ಪುಸ್ತಕಗಳೆಲ್ಲ ಸರಾಗವಾಗಿ ಹೋದವು. ಮೊದಲ ಕನ್ನಡ ಪುಸ್ತಕ ಬಂದ ಕೂಡಲೇ ಉದ್ದದ ಲೆಕ್ಕ ತಪ್ಪಿ, ಲೇಖಕರ ಹೆಸರು ಶೀರ್ಷಿಕೆಯ ಹೊಟ್ಟೆಗೆ ಹೋಗಿ, ಅಲ್ಲಿಂದ ಮುಂದಿನದೆಲ್ಲ ಚೆಲ್ಲಾಪಿಲ್ಲಿ. ಆವತ್ತಿನಿಂದ ಮಾರ್ಕ್ ಬರೆಯುವ ಕೆಲಸವನ್ನು ಪೈಮಾರ್ಕ್‌ಗೆ ಬಿಟ್ಟಿದ್ದೇನೆ.

ಉದ್ದಕ್ಕೆ ಇರುವುದು 4 ಅಂಕಿ, ಅಂದರೆ ಒಂದು ಫೀಲ್ಡಿಗೆ 9999 ಬೈಟ್ ಮಿತಿ. ಇಂಗ್ಲಿಷಿನಲ್ಲಿ ಅದು ಹತ್ತಿರ ಹತ್ತಿರ ಹತ್ತು ಸಾವಿರ ಅಕ್ಷರ. ಕನ್ನಡಕ್ಕೆ 3,300 ಚಿಲ್ಲರೆ ಯೂನಿಕೋಡ್ ಗುರುತುಗಳಿಗೇ ಮುಗಿಯಿತು. ಕಥಾಸಂಕಲನದ ಪೂರ್ತಿ ಪರಿವಿಡಿಯನ್ನು ಒಂದೇ ಫೀಲ್ಡಿಗೆ ತುರುಕಿದರೆ ಒಡೆಯಬಹುದು. ಅಂಥಲ್ಲಿ ಮಾರ್ಕ್ ಎಕ್ಸ್‌ಎಂಎಲ್ ಬಳಸಿ, ಅದಕ್ಕೆ ಈ ಮಿತಿ ಇಲ್ಲ.

ಲೀಡರಿನಲ್ಲಿ ಇನ್ನೊಂದು ಗುಂಡಿ ಇದೆ. ಸೊನ್ನೆಯಿಂದ ಎಣಿಸಿದರೆ 9ನೇ ಸ್ಥಾನದಲ್ಲಿ ಇಂಗ್ಲಿಷಿನ ಸಣ್ಣ 'ಎ' ಇದ್ದರೆ ಯೂನಿಕೋಡ್ ಅಂತ ಅರ್ಥ, ಖಾಲಿ ಇದ್ದರೆ ಮಾರ್ಕ್-8 ಅನ್ನುವ ಹಳೆಯ ಎನ್‌ಕೋಡಿಂಗ್. ಕೆಲವು ಸಾಫ್ಟ್‌ವೇರ್‌ಗಳಿಂದ ಹೊರಬರುವ ಫೈಲಿನ ಒಳಗೆ ಯುಟಿಎಫ್-8 ಕನ್ನಡ ಇರುತ್ತದೆ, ಲೀಡರ್ ಮಾತ್ರ ಖಾಲಿ. ಪೈಮಾರ್ಕ್ ಪಾಪ ಲೀಡರನ್ನು ನಂಬಿ ಕನ್ನಡವನ್ನು ಹಾಳು ಮಾಡುತ್ತದೆ. ಓದುವಾಗಲೇ ಯುಟಿಎಫ್-8 ಅಂತ ಒತ್ತಾಯ ಮಾಡುವ ಆಯ್ಕೆ ಅದರಲ್ಲಿದೆ, ಹಾಕಿ.

ಹಾಳಾದ ಕನ್ನಡವನ್ನು ನೋಡಿದ ತಕ್ಷಣ ರೋಗ ಗುರುತಿಸಲು ಒಂದು ಉಪಾಯ. ತಲೆ ಮೇಲೆ ಓರೆ ಗೀಟು ಇರುವ ಇಂಗ್ಲಿಷ್ ಎ, ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ ಪುಟ್ಟ 3, ಈ ಜೋಡಿ ಸಾಲುಸಾಲಾಗಿ ಕಂಡರೆ ನಿಮ್ಮ ಕನ್ನಡ ಸತ್ತಿಲ್ಲ. ಯುಟಿಎಫ್-8 ಬೈಟುಗಳನ್ನು ಯಾರೋ ಲ್ಯಾಟಿನ್ ಅಂತ ತಿಳಿದು ಓದಿದ್ದಾರೆ ಅಷ್ಟೇ, ಸಾಮಾನ್ಯವಾಗಿ ವಾಪಸ್ ತರಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಹೋಯಿತು, ಬ್ಯಾಕಪ್ ಹುಡುಕಿ.

ಹಳೆಯ ಕ್ಯಾಟಲಾಗ್ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇದ್ದರೆ ಅದು ಬೇರೆಯದೇ ಅವಸ್ಥೆ. ಅಲ್ಲಿ ಒಳಗಿರುವುದು ಲ್ಯಾಟಿನ್ ಅಕ್ಷರಗಳು, ಆ ಫಾಂಟ್ ಹಾಕಿದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. 'ಒಂದಕ್ಕೆ ಒಂದು ಬದಲಿಸಿದರೆ ಆಯ್ತು' ಅಂತ ಶುರು ಮಾಡಬೇಡಿ. 'ಸೂರ್ಯ' ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆಯೇ ಯಕಾರದ ಆಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ರೇಫ ಯಕಾರಕ್ಕಿಂತ ಮೊದಲು ಬರಬೇಕು. ಅಂದರೆ ಬದಲಿಸುವುದರ ಜೊತೆ ಜಾಗವನ್ನೂ ಪಲ್ಲಟ ಮಾಡಬೇಕು. ಇದಕ್ಕೆ ಉಚಿತ ಪರಿವರ್ತಕಗಳು ಈಗಾಗಲೇ ಇವೆ, ಅವನ್ನು ಬಳಸಿ, ಆಮೇಲೆ ಒಬ್ಬ ಮನುಷ್ಯ ಕೂತು ಓದಲಿ.

ಇನ್ನು ಅಕಾರಾದಿ. ಭಾಷೆಗಳಲ್ಲಿ ಇರುವ ಮಾಮೂಲಿ ಸಾರ್ಟ್ ಯೂನಿಕೋಡ್ ಸಂಖ್ಯೆಯ ಮೇಲೆ ಜೋಡಿಸುತ್ತದೆ. ಯೂನಿಕೋಡಿನಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ ಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಕಟ್ಟಕಡೆಗೆ. ಹಾಗಾಗಿ ಮಾಮೂಲಿ ಸಾರ್ಟ್ 'ಹಳ್ಳಿ'ಯನ್ನು 'ಹವಾಮಾನ'ಕ್ಕಿಂತ ಮೊದಲು ತಂದು ಕೂರಿಸುತ್ತದೆ. ನಿಘಂಟು ನೋಡಿ ಬೆಳೆದ ಹಿರಿಯ ಲೈಬ್ರೇರಿಯನ್ ಒಬ್ಬರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ, ನಿಮ್ಮ ಸಾಫ್ಟ್‌ವೇರ್ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು. ಇದಕ್ಕೆ ಮದ್ದು ಐಸಿಯು ಅನ್ನುವ ಕಟ್ಟು. ಜಾವಾಸ್ಕ್ರಿಪ್ಟಿನಲ್ಲಿ ಅದು ಬ್ರೌಸರಿನ ಒಳಗೇ ಇದೆ, ಕನ್ನಡ ಅಂತ ಹೇಳಿದರೆ ಸಾಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೂ ಸಿಗುತ್ತದೆ. ಪೈಥಾನಿಗೆ ಪೈಐಸಿಯು ಬೇರೆಯಾಗಿ ಹಾಕಬೇಕು, ವಿಂಡೋಸಿನಲ್ಲಿ ಅದನ್ನು ಹಾಕುವುದು ಒಂದು ತಲೆನೋವು, ಲಿನಕ್ಸಿನಲ್ಲಿ ಸಲೀಸು. ಪೈಥಾನ್ ಹೊಗಳಿದೆನಲ್ಲ, ಇಲ್ಲಿ ಅದು ಸ್ವಲ್ಪ ಹಿಂದೆ.

ಹುಡುಕಾಟದಲ್ಲೂ ಒಂದು ಕಣ್ಣಿಗೆ ಕಾಣದ ಮುಳ್ಳು ಇದೆ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟ್ ಮತ್ತು ವೇ ನಡುವೆ ಒತ್ತಾಗದಂತೆ ತಡೆಯುವ ಅದೃಶ್ಯ ಗುರುತು ಒಂದು ಇರುತ್ತದೆ. ಒಬ್ಬರು ಅದನ್ನು ಹಾಕಿ ಕ್ಯಾಟಲಾಗ್ ಮಾಡಿರುತ್ತಾರೆ, ಓದುಗರು ಹಾಕದೆ ಹುಡುಕುತ್ತಾರೆ, ಪುಸ್ತಕ ಸಿಗುವುದಿಲ್ಲ. ಹಾಗೆಯೇ 'ಕೋ' ಥರದ ದೀರ್ಘಗಳನ್ನು ಒಂದೇ ಗುರುತಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು, ನೋಡಲು ಎರಡೂ ಒಂದೇ. ಎನ್‌ಎಫ್‌ಸಿ ಅನ್ನುವ ಒಂದು ಹದಕ್ಕೆ ಎಲ್ಲವನ್ನೂ ತಂದು, ಹುಡುಕಾಟಕ್ಕೆ ಅಂತ ಇಡುವ ಪ್ರತಿಯಲ್ಲಿ ಅದೃಶ್ಯ ಗುರುತುಗಳನ್ನು ತೆಗೆದುಬಿಡಿ. ಪೈಥಾನಿನಲ್ಲಿ ಇದು ಎರಡೇ ಸಾಲು.

ನಾಳೆ ನೋಡಿಕೊಳ್ಳುವವರು ಯಾರು?

ಒಂದು ಕಾಲೇಜಿನಲ್ಲಿ ನೋಡಿದ್ದು. ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಇಡೀ ಲೈಬ್ರರಿ ಸಾಫ್ಟ್‌ವೇರನ್ನು ತಾವೇ ಬರೆದುಕೊಟ್ಟಿದ್ದರು. ಚೆನ್ನಾಗಿಯೇ ಇತ್ತು. ಅವರು ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದರು, ಕಂಪ್ಯೂಟರ್ ಬದಲಾಯಿತು, ಹೊಸದರಲ್ಲಿ ಅದು ಏಳಲೇ ಇಲ್ಲ. ಮಾರ್ಕ್‌ನಲ್ಲಿ ಹೊರತೆಗೆಯುವ ದಾರಿಯನ್ನೂ ಇಟ್ಟಿರಲಿಲ್ಲ. ಕೊನೆಗೆ ಅಟೆಂಡರ್ ಮತ್ತು ಇಬ್ಬರು ವಿದ್ಯಾರ್ಥಿಗಳು ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಕ್ಕೆಲ್ಲ ನಂಬರ್ ಕೊಟ್ಟು ಬರೆದಿಡುವ ದಪ್ಪ ಪುಸ್ತಕ) ಹಿಡಿದು ಮೊದಲಿನಿಂದ ಟೈಪ್ ಮಾಡಿದರು.

ಹಾಗಾಗಿ ಎಂಜಿನಿಯರ್‌ಗಳೇ, ಹೊಸದಾಗಿ ಪೂರ್ತಿ ಬರೆಯುವ ಆಸೆ ಬಂದರೆ ಒಂದು ವಾರ ತಡೆದುಕೊಳ್ಳಿ. ಇಶ್ಯೂ, ರಿಟರ್ನ್, ದಂಡದ ಲೆಕ್ಕ ನೋಡಲು ಸುಲಭ, ರಜೆ, ರಿಸರ್ವೇಷನ್, ಕಳೆದುಹೋಗಿ ಸಿಕ್ಕ ಪುಸ್ತಕ, ಎರಡೆರಡು ಬಾರ್‌ಕೋಡ್ ಎಲ್ಲ ಬಂದಾಗ ಗೊತ್ತಾಗುತ್ತದೆ. ಕೋಹಾ ಹಾಕಿಕೊಟ್ಟು, ಅದರ ಪಕ್ಕದಲ್ಲಿ ಪುಟ್ಟ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಸ್ಕ್ರಿಪ್ಟನ್ನು ನಿಮಗೆ ಇಷ್ಟವಾದ ರಸ್ಟ್‌ನಲ್ಲೋ ಗೋದಲ್ಲೋ ಬರೆಯಬೇಡಿ, ಆ ಊರಿನಲ್ಲಿ ಯಾರಿಗೆ ಏನು ಬರುತ್ತದೋ ಅದರಲ್ಲಿ ಬರೆಯಿರಿ. ಅಲ್ಲಿನ ಬಿಸಿಎ ಕಾಲೇಜಿನಲ್ಲಿ ಪಿಎಚ್‌ಪಿ ಹೇಳಿಕೊಡುತ್ತಾರೆ ಅಂದರೆ ಪಿಎಚ್‌ಪಿಯೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ನಿರ್ಧಾರಕ್ಕೆ ಮುಂಚೆ ಒಂದು ಶನಿವಾರ

ಇಷ್ಟೆಲ್ಲ ಓದಿಯೂ ಅನುಮಾನ ಇದ್ದರೆ ಹೀಗೆ ಮಾಡಿ. ನಿಮ್ಮದೇ ಕ್ಯಾಟಲಾಗಿನಿಂದ ಹತ್ತು ರೆಕಾರ್ಡ್ ಹೊರತೆಗೆಯಿರಿ, ಓಡುತ್ತಿರುವ ಸಿಸ್ಟಮ್ ಮುಟ್ಟದೆ, ಪ್ರತಿಯಿಂದ. ಸುಲಭದ್ದನ್ನು ಆರಿಸಬೇಡಿ. ಒಂದರಲ್ಲಿ ಅರ್ಕಾವೊತ್ತು ಇರಲಿ, ಒಂದರಲ್ಲಿ ಅದೃಶ್ಯ ಗುರುತು ಇರುವ ಇಂಗ್ಲಿಷ್ ಪದ, ಒಂದು ಳಕಾರದ್ದು, ಒಂದರಲ್ಲಿ ಕನ್ನಡ ಇಂಗ್ಲಿಷ್ ಎರಡೂ, ಒಂದಕ್ಕೆ ಉದ್ದದ ಪರಿವಿಡಿ, ಒಂದರ ಅಕ್ಸೆಷನ್ ನಂಬರ್ ಸೊನ್ನೆಯಿಂದ ಶುರುವಾಗಲಿ. ನೀವು ಕಲಿಯಬೇಕು ಅಂದುಕೊಂಡ ಭಾಷೆಯಲ್ಲಿ ಅವನ್ನು ಓದಿ, ಶೀರ್ಷಿಕೆಯ ಅಕಾರಾದಿಯಲ್ಲಿ ಜೋಡಿಸಿ, ಸಿಎಸ್‌ವಿಗೆ ಬರೆದು, ಮತ್ತೆ ಮಾರ್ಕ್ ಮಾಡಿ, ಮೂಲದ ಜೊತೆ ಹೋಲಿಸಿ.

ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವ ಮುಂಚೆ ಎಚ್ಚರ. 978ರಿಂದ ಶುರುವಾಗುವ ಐಎಸ್‌ಬಿಎನ್ ಅಲ್ಲಿ 9.78 ಪಕ್ಕ ಇ ಪ್ಲಸ್ 12 ಆಗಿ ಕಾಣುತ್ತದೆ, ಅದೇ ರೂಪದಲ್ಲಿ ಸೇವ್ ಆದರೆ ಮುಗಿಯಿತು. ಮುಂದಿನ ಸೊನ್ನೆಗಳು ಉದುರುತ್ತವೆ. ಫೈಲಿನ ತಲೆಯಲ್ಲಿ ಎನ್‌ಕೋಡಿಂಗ್ ತಿಳಿಸುವ ಬಿಓಎಂ ಗುರುತು ಇಲ್ಲದಿದ್ದರೆ ಕನ್ನಡವೂ ಕೆಡಬಹುದು, ಆಗ ಮೇಲೆ ಹೇಳಿದ ಪುಟ್ಟ 2, ಪುಟ್ಟ 3 ದರ್ಶನ ಕೊಡುತ್ತವೆ. ಇದಕ್ಕೆ ಭಾಷೆಯನ್ನು ಬೈಯಬೇಡಿ, ಅದು ಎಕ್ಸೆಲ್ ಕೆಲಸ. ಕಾಲಮ್ಮುಗಳನ್ನು ಟೆಕ್ಸ್ಟ್ ಅಂತ ಹೇಳಿ ಇಂಪೋರ್ಟ್ ಮಾಡಿ, ಇಲ್ಲವೇ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ, ಅದು ತೆರೆಯುವ ಮುಂಚೆ ಎನ್‌ಕೋಡಿಂಗ್ ಯಾವುದು ಅಂತ ಕೇಳುತ್ತದೆ.

ಒಂದು ಶನಿವಾರದಲ್ಲಿ ಹತ್ತೂ ರೆಕಾರ್ಡ್ ಸರಿಯಾಗಿ ಹೋಗಿ ಬಂದರೆ ಆ ಭಾಷೆ ನಿಮಗೆ ಆಗುತ್ತದೆ. ಭಾನುವಾರ ರಾತ್ರಿಯಾದರೂ ಇನ್‌ಸ್ಟಾಲ್ ಮಾಡುವುದರಲ್ಲೇ ಇದ್ದರೆ ಬೇರೆಯದನ್ನು ನೋಡಿ. ಆ ಹತ್ತು ರೆಕಾರ್ಡಿನ ಫೈಲನ್ನು ಮಾತ್ರ ಎಸೆಯಬೇಡಿ, ಪ್ರತಿ ಸಲ ಕೋಹಾ ಅಪ್‌ಡೇಟ್ ಮಾಡಿದಾಗ ಮೊದಲು ಅದನ್ನು ಟೆಸ್ಟ್ ಸರ್ವರ್‌ನಲ್ಲಿ ಇಂಪೋರ್ಟ್ ಮಾಡಿ ನೋಡಲು ಬೇಕಾಗುತ್ತದೆ.